ದನದ ದವಾಖಾನಿಗೆ ಹೋದ ನಮ್ಮ ಅತ್ತಿ

ನಮ್ಮ ಅತ್ತಿ, ಅಂದರೆ ಅಪ್ಪನ ಅಕ್ಕ, ಮನುಷ್ಯರ ಡಾಕ್ಟರನ್ನು ಡಾಕ್ಟರೆಂದೇ ಒಪ್ಪುವುದಿಲ್ಲ! ಬಾಯಿ ಇರುವ ರೋಗಿಯನ್ನೇ ಕೇಳಿ ಔಷಧ ಬರೆಯುವುದು ಅದೆಂಥ ವಿದ್ಯೆ? ಅವಳ ನಂಬಿಕೆಯೆಲ್ಲ ದನದ ಡಾಕ್ಟರ ಮೇಲೆ. ಒಮ್ಮೆ ಮಾವನಿಗೆ ಹೊಟ್ಟೆ ಉಬ್ಬಿದಾಗ ಎಮ್ಮೆಗೆ ತಂದ ಔಷಧವನ್ನೇ ಅರ್ಧ ಲೋಟ ಕುಡಿಸಿದಳು. ಅಂದಿನಿಂದ ಮಾವ ಹೊಟ್ಟೆಯ ಸುದ್ದಿ ಎತ್ತಿಲ್ಲ!

ಕಳೆದ ಮಳೆಗಾಲದಲ್ಲಿ ಅವಳ ಎಮ್ಮೆ ಚಂದ್ರಿ ತಿಂಗಳು ತುಂಬುವ ಮೊದಲೇ ಕಂದು ಹಾಕಿತು. ಅತ್ತಿ ಬರಿಗೈಯಲ್ಲಿ, ಬರಿಗಾಲಲ್ಲಿ ಎಲ್ಲ ಬಳಿದು ತೊಳೆದಳು. ಸತ್ತ ಕರುವನ್ನು ತಾನೇ ಎತ್ತಿ ಕುಣಿಗೆ ಇಳಿಸಿದಳು. ಎಮ್ಮೆಯ ರಕ್ತ ಪರೀಕ್ಷೆಗೆ ತೆಗೆದುಕೊಂಡ ದನದ ಡಾಕ್ಟರು, "ಅವ್ವಾರ, ಹಿಮ್ಮಡಿ ಒಡದಾವು. ಬೂಟ್ ಹಾಕೋರಿ" ಎಂದರು.

"ನಾ ಏನು ಪೊಲೀಸ್ ಏನ್ರಿ?"

ಹತ್ತು ದಿನಕ್ಕೆ ಅತ್ತಿಗೆ ಜ್ವರ. ಕಣ್ಣು ಕೆಂಪು, ಮೀನಖಂಡದಲ್ಲಿ ತಡೆಯಲಾರದ ನೋವು. ಸುದ್ದಿ ತಿಳಿದು ಜಮಖಂಡಿಯಿಂದ ಹೋದ ನಾನು, ಮುಧೋಳದ ಆಸ್ಪತ್ರೆಗೆ ಒಯ್ಯಲೆಂದು ಬೈಕಿನ ಮೇಲೆ ಕೂರಿಸಿಕೊಂಡೆ. ದಾರಿಯಲ್ಲಿ "ಎಡಕ್ಕ ಹೊಳ್ಳೋ" ಎಂದಳು. ಹೊರಳಿದರೆ ಎದುರಿಗೆ ದನದ ದವಾಖಾನೆ! ಒಂದು ಹೋರಿ, ಎರಡು ಆಡು. ಅವುಗಳ ಹಿಂದೆ ಸರದಿಯಲ್ಲಿ ಅತ್ತಿ.

"ಎಮ್ಮಿ ಎಲ್ಲೈತ್ರಿ?" ಡಾಕ್ಟರು ಕೇಳಿದರು.

"ಎಮ್ಮಿ ಮನ್ಯಾಗೈತಿ. ಈಗ ನನ್ನ ನೋಡ್ರಿ."

ನಾನು ನಕ್ಕೆ. ಡಾಕ್ಟರು ನಗಲಿಲ್ಲ. ಅವಳ ಕಣ್ಣನ್ನೇ ನೋಡಿ ನನ್ನತ್ತ ತಿರುಗಿದರು. "ಎಮ್ಮಿ ರಿಪೋರ್ಟ್ ಇವತ್ತ ಬಂದೈತಿ. ಇಲಿ ಜ್ವರ. ದನದ ಉಚ್ಚಿಯಿಂದ, ಕಂದು ಹಾಕಿದ್ದನ್ನ ಬಳಿಯೂ ಮುಂದ, ಒಡದ ಕಾಲಿನಿಂದ ಮನುಷ್ಯಾರಿಗೂ ಹತ್ತತೈತಿ. ತಡಾ ಮಾಡಬ್ಯಾಡ್ರಿ, ಮುಧೋಳ ಆಸ್ಪತ್ರ್ಯಾಗ ಈ ಚೀಟಿ ತೋರಸ್ರಿ."

ಅತ್ತಿಗೆ ಅವಮಾನವಾಯಿತು. "ನಮ್ಮ ಮನ್ಯಾಗ ಇಲಿನ ಇಲ್ರಿ!"

"ಬಣವಿ ಬುಡಕ ನೋಡ್ರಿ ಅವ್ವಾರ."

ಮುಧೋಳದ ಆಸ್ಪತ್ರೆಯಲ್ಲಿ ಚೀಟಿ ಓದಿದವರೇ ರಕ್ತ ತೆಗೆದು ಔಷಧ ಶುರುಮಾಡಿದರು. ಅದೇ ಜ್ವರ. ಇನ್ನೆರಡು ದಿನ ಬಿಟ್ಟಿದ್ದರೆ ಕಿಡ್ನಿಗೆ ಕಷ್ಟವಿತ್ತಂತೆ. ಅತ್ತಿ ನನ್ನನ್ನು ನೋಡಿದ ನೋಟ ಹೇಗಿತ್ತು ಅಂತೀರಿ! ಸಲಾಯಿನ್ ಬಾಟಲಿಯ ಕೆಳಗೆ ಮಲಗಿಯೂ ಗೆದ್ದವಳು ಅವಳೇ.

ಆರನೆಯ ದಿನ ಜ್ವರ ಇಳಿದಿತ್ತು; ಮರುದಿನ ಮನೆಗೆ ಕಳಿಸುತ್ತೇವೆ ಎಂದಿದ್ದರು. ನಾನು ಸುಮ್ಮನಿರದೆ, "ಅತ್ತಿ, ಸಾಯಸೂ ಎಮ್ಮಿ ಯಾಕ ಬೇಕ? ಮಾರಿಬಿಡೂಣು" ಎಂದೆ.

ಅವಳು ಬೈಯಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾದದ್ದು.

"ಡಾಕ್ಟರ್ ಚಂದ್ರಿಗೂ ಇಂಜೆಕ್ಷನ್ ಮಾಡ್ಯಾರ, ಆರಾಮ ಆಗತಾಳ" ಎಂದಳು ಮೆಲ್ಲಗೆ. "ಆದ್ರ ಕರು ಹ್ವಾದಾಗಿಂದ ಸಂಜಿ ಆತಂದ್ರ ಬಾಗಲಾ ನೋಡಿ ಒದರತಾಳೋ. ನಾ ಬಾಜೂ ಕುಂತ್ರ ಸುಮ್ಮ ಆಗತಾಳ. ನಿಮ್ಮ ಮಾವ ಮೇವು ಹಾಕತಾರ, ಕುಂಡ್ರೂದಿಲ್ಲ."

ಅಂದು ಸಂಜೆ ನಾನು ಅವಳ ಊರಿಗೆ ಹೋದೆ. ಒಣಗಿದ ಜಾಗ ನೋಡಿ ಕುರ್ಚಿ ಹಾಕಿಕೊಂಡು ಚಂದ್ರಿಯ ಎದುರು ಕುಳಿತೆ. ಅದು ಬಾಗಿಲ ಕಡೆ ನೋಡಿ ಒದರಿತು. "ನಾಳಿ ಅತ್ತಿ ಬರತಾಳ" ಎಂದೆ. ಕತ್ತಲಾಗುವವರೆಗೂ ಅಷ್ಟನ್ನೇ ಹೇಳುತ್ತ ಕುಳಿತಿದ್ದೆ.