ಮೂಲೆ ಕೋಣೆಗೆ ಮೂರು ಹಡಗು

ಹಗಲೆಲ್ಲ ಊರವರ ಬಾಯಿ ತೆಗೆಸುತ್ತಿದ್ದ ಹಲ್ಲಿನ ಡಾಕ್ಟರಿಗೆ ಮನೆಯಲ್ಲಿ ತಮ್ಮ ಬಾಯಿ ತೆಗೆಯುವ ಯೋಗವಿರಲಿಲ್ಲ. ಅದರಲ್ಲೂ ಮೂಲೆ ಕೋಣೆಯ ಮಾತು ಬಂತೆಂದರೆ ಮುಗಿಯಿತು. ಆ ಕೋಣೆಯಲ್ಲಿ ಡಾಕ್ಟರ ಹನ್ನೊಂದು ಹಳೆಯ ರೇಡಿಯೋಗಳಿದ್ದವು. (ಒಂದಕ್ಕೂ ಮಾತು ಬರುತ್ತಿರಲಿಲ್ಲ, ಅವುಗಳ ಮೇಲೆ ಅಷ್ಟು ಪ್ರೀತಿ ಹುಟ್ಟಲು ಅದೇ ಕಾರಣವಿದ್ದೀತು.) ಹೆಂಡತಿ ಮನೆಯಲ್ಲೇ ಪರದೆ, ದಿಂಬಿನ ಚೀಲ ಹೊಲಿದುಕೊಡುವವಳು. ಅವಳ ಹೊಲಿಗೆ ಯಂತ್ರ ಮೂರು ತಿಂಗಳಿಂದ ಅಡುಗೆಮನೆಯ ಬಾಗಿಲಲ್ಲಿ ನಿಂತು, ಗಿರಾಕಿಗಳ ಪರದೆಗಳಿಗೆಲ್ಲ ಹುರಿದ ಈರುಳ್ಳಿಯ ಘಮ ಹತ್ತಿತ್ತು.

"ಆ ಗೂಡು ಖಾಲಿ ಮಾಡ್ತೀರೋ ಇಲ್ವೋ?" ಎಂದು ಅವಳು ಊಟಕ್ಕೆ ಮುಂಚೆ ಒಂದು, ಊಟವಾದ ಮೇಲೆ ಒಂದು, ಮಾತ್ರೆ ಕೊಟ್ಟ ಹಾಗೆ ಕೇಳುತ್ತಿದ್ದಳು.

ಒಂದು ಭಾನುವಾರ ಮಧ್ಯಾಹ್ನ ಡಾಕ್ಟರು ದೊಡ್ಡ ಡಬ್ಬಿಯೊಂದನ್ನು ತಂದು ಊಟದ ಮೇಜಿನ ಮೇಲಿಟ್ಟರು.

"ಏನ್ರೀ ಇದು?"

"ವೈಕಿಂಗ್ ಆಟ ಕಣೇ."

"ವಾಕಿಂಗಾ? ಅದನ್ನಾದ್ರೂ ಮಾಡಿ, ಹೊಟ್ಟೆ ಕರಗತ್ತೆ."

"ವಾಕಿಂಗ್ ಅಲ್ಲ, ವೈಕಿಂಗ್! ಹಿಂದಿನ ಕಾಲದ ಕಡಲ್ಗಳ್ಳರು. ದಾಳ ಹಾಕೋದು, ದಾಳಿ ಮಾಡೋದು. ಗೆದ್ದೋರಿಗೆ ಮೂಲೆ ಕೋಣೆ. ಸೋತೋರು ಆಮೇಲೆ ತುಟಿ ಪಿಟಕ್ ಅನ್ನಬಾರದು."

ಹೆಂಡತಿ ಒಪ್ಪಿದಳು. (ವಾರವಿಡೀ ಡಾಕ್ಟರು ರೋಗಿಗಳ ಒಸಡಿಗೆ ಮರಗಟ್ಟಿಸುವ ಸೂಜಿ ಚುಚ್ಚಿ, ಅದು ಹಿಡಿಯುವಷ್ಟರಲ್ಲಿ ಆಟದ ನಿಯಮಗಳನ್ನು ಬಾಯಿಪಾಠ ಮಾಡುತ್ತಿದ್ದ ಸಂಗತಿ ಅವಳಿಗೇನು ಗೊತ್ತು!) ಆಟಕ್ಕೆ ಮೂವರು ಬೇಕಿತ್ತು. ವಾರದ ಮಟ್ಟಿಗೆಂದು ಬಂದಿದ್ದ ಅತ್ತೆಯನ್ನೂ ಕೂರಿಸಿದರು.

ತಲಾ ಒಂದು ಹಳ್ಳಿ, ಮೂರು ಹಡಗು, ಒಂದಿಷ್ಟು ಮರದ ಹಸುಗಳು. ದಾಳದಲ್ಲಿ ಹುಟ್ಟಿನ ಚಿತ್ರ ಬಿದ್ದರೆ ಹಡಗು ಸಾಗುತ್ತದೆ, ಗುರಾಣಿ ಬಿದ್ದರೆ ಹಳ್ಳಿಗೆ ಕಾವಲು, ಕೊಡಲಿ ಬಿದ್ದರೆ ಕೊಡಲಿಗೊಂದು ಹಸು ಲೂಟಿ. ಮೊದಲು ಹನ್ನೆರಡು ಹಸು ಕೂಡಿಸಿದವರೇ ಚಕ್ರವರ್ತಿ.

ಡಾಕ್ಟರಿಗೆ ಮೊದಲ ಏಟಿಗೇ ಎರಡು ಕೊಡಲಿ ಬಿತ್ತು. ಹೆಂಡತಿಯ ಹಳ್ಳಿಗೆ ಗುರಾಣಿಯಿತ್ತು, ಅತ್ತೆಯದಕ್ಕೆ ಇರಲಿಲ್ಲ. ಡಾಕ್ಟರ ಹಡಗು ಅತ್ತೆಯ ದಡ ಮುಟ್ಟಿತು.

"ನನ್ನ ಹಸುಗಳು ನಿಮಗೇನು ಮಾಡಿದ್ವು, ಅಳಿಯಂದ್ರೇ?" ಎಂದರು ಅತ್ತೆ ಮೆಲ್ಲಗೆ.

"ಇದು ಯುದ್ಧ, ಅತ್ತೆ."

"ಅಮ್ಮ ಬಂದು ಎರಡು ದಿನ ಆಗಿಲ್ಲ, ಆಗ್ಲೇ ಅವಳ ಊರು ಸುಟ್ರಲ್ರೀ!" ಎಂದಳು ಹೆಂಡತಿ.

"ಸುಟ್ಟಿಲ್ಲ ಕಣೇ, ಬರೀ ಲೂಟಿ."

"ಓಹೋ, ಬರೀ ಲೂಟಿ! ಕೇಳಿಸ್ಕೊಂಡ್ಯೇನಮ್ಮಾ?"

ಅಲ್ಲಿಂದಾಚೆಗೆ ತಾಯಿ ಮಗಳ ಆರು ಹಡಗುಗಳೂ ಒಂದೇ ದಿಕ್ಕಿಗೆ ತಿರುಗಿದವು. ಒಬ್ಬರು ಹಾಲು ಕರೆಯುವ ಹಸು ಒಯ್ದರೆ ಇನ್ನೊಬ್ಬರು ಕರು ಒಯ್ದರು. "ಕೊಟ್ಬಿಡಿ, ಅಮ್ಮನ ಕಾಫಿಗಾಗತ್ತೆ" ಎಂಬ ಸಮಾಧಾನ ಬೇರೆ. ಸಂಜೆಯ ಹೊತ್ತಿಗೆ ಹೆಂಡತಿಯ ಬಳಿ ಹನ್ನೊಂದು ಹಸು, ಡಾಕ್ಟರ ಬಳಿ ಎಂಟು. ಆದರೆ ಅವಳ ಗುರಾಣಿಗಳೆಲ್ಲ ಮುಗಿದಿದ್ದವು, ಡಾಕ್ಟರ ಹಡಗೊಂದು ಅವಳ ದಡದಲ್ಲೇ ನಿಂತಿತ್ತು. ಡಾಕ್ಟರು ಕಣ್ಣುಮುಚ್ಚಿ, ನಾಲ್ಕು ದಾಳಗಳನ್ನು ಅಂಗೈಯಲ್ಲಿ ಕುಲುಕಿ ಎಸೆದರು.

ನಾಲ್ಕಕ್ಕೆ ನಾಲ್ಕೂ ಕೊಡಲಿ!

"ಚಕ್ರವರ್ತಿ!" ಎಂದು ಡಾಕ್ಟರು ಕುರ್ಚಿ ಹತ್ತಿ ಕೂಗಿದರು. ಕೆಳಗಿನ ಮನೆಯವರು ಕಿಟಕಿ ತೆರೆದು ನೋಡಿದರು.

ಹೆಂಡತಿ ಜಗಳವಾಡಲಿಲ್ಲ. ಹಸುಗಳನ್ನೆಲ್ಲ ಡಬ್ಬಿಗೆ ತುಂಬಿ, "ಕೋಣೆ ನಿಮ್ದೇ. ಮಾತು ಅಂದ್ರೆ ಮಾತು" ಎಂದಳು. ಡಾಕ್ಟರ ಮನಸ್ಸು ಹೂವಾಯಿತು. ಈ ದಿಗ್ವಿಜಯದ ಸುದ್ದಿಯನ್ನು ಎದುರು ಬೀದಿಯ ಕ್ಷೌರದಂಗಡಿಯವನಿಗೆ ಮುಟ್ಟಿಸಲು ಹೊರಟರು.

ಒಂದು ಗಂಟೆ ಬಿಟ್ಟು ಬಂದು ನೋಡಿದರೆ, ಹಾಲ್‌ನ ದೊಡ್ಡ ಕಿಟಕಿಯ ಪಕ್ಕ, ಅವರ ಆರಾಮ ಕುರ್ಚಿಯಿದ್ದ ಜಾಗದಲ್ಲಿ ಹೊಲಿಗೆ ಯಂತ್ರ ಗರಗರ ಎನ್ನುತ್ತಿತ್ತು. ಟಿವಿಯ ಮೇಲೆ ಹಸಿರು ಪರದೆ ಇಳಿಬಿದ್ದಿತ್ತು. ಸೋಫಾದ ತುಂಬ ಬಟ್ಟೆ. ಅದರ ನಡುವೆ ಗುಂಡಿ ಹೊಲಿಯುತ್ತ ಅತ್ತೆ.

"ಏನೇ ಇದು? ಗೆದ್ದಿದ್ದು ನಾನು!"

"ಅಲ್ಲ ಅಂದೋರ್ಯಾರು? ಕೋಣೆ ಗೆದ್ರಿ, ಕೊಟ್ಟೆ. ಹಾಲ್ ವಿಷಯ ನೀವು ಎತ್ತಲೇ ಇಲ್ಲ. ಇಲ್ಲಿ ಬೆಳಕು ಎಷ್ಟು ಚೆನ್ನಾಗಿದೆ, ಇಷ್ಟು ದಿನ ನನಗೇ ಹೊಳೀಲಿಲ್ಲ ನೋಡಿ! ನಿಮ್ಮ ಕುರ್ಚಿ, ಪೇಪರು, ಚಪ್ಪಲಿ ಎಲ್ಲ ನಿಮ್ಮ ರಾಜ್ಯಕ್ಕೇ ಸಾಗಿಸಿದೀವಿ."

"ಕೆಲಸ ಬಹಳ ಇದೆಯಂತೆ, ಅಳಿಯಂದ್ರೇ," ಎಂದರು ಅತ್ತೆ, ಹಲ್ಲಿನಿಂದ ದಾರ ಕಡಿಯುತ್ತ. "ಇನ್ನೆರಡು ತಿಂಗಳು ಇದ್ದೇ ಹೋಗ್ತೀನಿ."

ಡಾಕ್ಟರು ಮೂಲೆ ಕೋಣೆಯ ಬಾಗಿಲು ತಳ್ಳಿದರು. ಕುರ್ಚಿ ಅಡ್ಡವಿದ್ದುದರಿಂದ ಅದು ಗೇಣಗಲ ಮಾತ್ರ ತೆರೆಯಿತು. ಅಡ್ಡಡ್ಡ ನುಸುಳಿ, ಕಾಲು ಚಾಚಲು ಜಾಗವಿಲ್ಲದೆ ಮಂಡಿಗಳನ್ನು ಎದೆಗವಚಿಕೊಂಡು ಕುಳಿತರು.

"ರೀ," ಹೊರಗಿನಿಂದ ಹೆಂಡತಿ ಕೂಗಿದಳು, "ಆ ಬಾಗಿಲು ಹಾಕ್ಕೊಳ್ಳಿ. ಗಿರಾಕಿಗಳು ಬರೋ ಹೊತ್ತು."

ಚಕ್ರವರ್ತಿಗಳು ಬಾಗಿಲು ಹಾಕಿಕೊಂಡರು.