ಕಾಮತರ ಕಂಪ್ಯೂಟರ್ ಇಟ್ಟ ರಂಗೋಲಿ

ಒಂದು ಡಬ್ಬಿಯ ಮುಚ್ಚಳವನ್ನು ಇನ್ನೊಂದು ಡಬ್ಬಿಗೆ ಕೂರಿಸುವುದರಲ್ಲಿ ನನಗಿರುವ ಹುರುಪು ಅಡುಗೆಯಲ್ಲೂ ಇಲ್ಲ, ಪೂಜೆಯಲ್ಲೂ ಇಲ್ಲ. ಒಂದು ಕಂಪನಿಯ ಮಿಕ್ಸಿಗೆ ಇನ್ನೊಂದು ಕಂಪನಿಯ ಜಾರ್ ಹಾಕಿ, ಅಲುಗಾಡದಂತೆ ಅಂಗೈಯಿಂದ ಅದುಮಿ ಹಿಡಿದು ಚಟ್ನಿ ರುಬ್ಬಿದ್ದೇನೆ. ಚಿಕ್ಕ ಕುಕ್ಕರಿನ ರಬ್ಬರನ್ನು ಎಳೆದು ಹಿಗ್ಗಿಸಿ ದೊಡ್ಡ ಕುಕ್ಕರಿಗೆ ಹಾಕಿದ್ದೇನೆ. ಬೇಳೆ ಅರ್ಧ ಬೇಯುವ ತನಕ ಅದೂ ಮರ್ಯಾದೆಯಿಂದಲೇ ಇತ್ತು. ಹಾಗಾಗಿ ಹೋದ ವಾರ ನನ್ನ ಸೊಸೆ, "ಅತ್ತೆ, ಆ ಆ್ಯಪ್ ನಿಮ್ಮ ಫೋನಿಗೆ ಬರಲ್ಲ. ಅದು ನನ್ನ ಥರದ ಫೋನಿಗೆ ಅಂತಾನೇ ಮಾಡಿರೋದು" ಅಂದಾಗ ನನಗೆ ನಗು ತಡೆಯಲಾಗಲಿಲ್ಲ. ಈ ಮಾತನ್ನು ಅವಳು ಇನ್ನೂ ಹುಟ್ಟದಿದ್ದ ಕಾಲದಲ್ಲೇ ನಾನು ಕೇಳಿದ್ದೇನೆ, ಕೇಳಿ ಸುಮ್ಮನಿರದೆ ಅದರಿಂದ ಬಹುಮಾನವನ್ನೂ ಹೊಡೆದಿದ್ದೇನೆ. ಆ ಕಥೆಯನ್ನು ಹೇಳೋಣವೆಂದರೆ ಅವಳಿಗೆ ಮೀಟಿಂಗು. ಸರಿ, ಫೋನಿನಲ್ಲಿ ಕನ್ನಡ ಟೈಪ್ ಮಾಡುವುದನ್ನು ಹೇಗೂ ಕಲಿತಿದ್ದೇನಲ್ಲ, ನಿಮಗೇ ಹೇಳುತ್ತೇನೆ. ಬಲಗೈಯ ತೋರುಬೆರಳು ಮಾತ್ರ ದುಡಿಯುತ್ತದೆ, ಮಿಕ್ಕವು ಮದುವೆಮನೆಯ ಬೀಗರ ಹಾಗೆ ಸುಮ್ಮನೆ ಕೂತು ನೋಡುತ್ತವೆ. ಒತ್ತಕ್ಷರ ಮೂಡಿಸುವುದು ಗೊತ್ತಾದ ದಿನ ಖುಷಿಗೆ ಶ್ಯಾವಿಗೆ ಪಾಯಸ ಮಾಡಿದ್ದೆ.

ಎಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ನಾವು ಮರಾಠಿಯವರ ನಡುವೆ, ಭಾಂಡುಪಿನಲ್ಲಿದ್ದೆವು. ನಮ್ಮ ಬಿಲ್ಡಿಂಗಿನಲ್ಲಿ ಪ್ರತಿ ವರ್ಷ ಗಣಪತಿ ಕೂರಿಸಿದಾಗ ಹೆಂಗಸರಿಗೆ ರಂಗೋಲಿ ಸ್ಪರ್ಧೆ. ಪ್ರತಿ ವರ್ಷ ಮೊದಲ ಬಹುಮಾನ ನಮ್ಮ ಎದುರು ಮನೆಯ ಸುಲಭಾತಾಯಿಗೆ. ಆಕೆ ಚುಕ್ಕಿಗಿಕ್ಕಿ ಇಡುವವಳಲ್ಲ. ಮುಷ್ಟಿಯಲ್ಲಿ ಬಣ್ಣ ಹಿಡಿದು ಕೂತಳೆಂದರೆ ಎದ್ದೇಳುವಷ್ಟರಲ್ಲಿ ನೆಲದ ಮೇಲೆ ನವಿಲು ಗರಿ ಬಿಚ್ಚಿರುತ್ತಿತ್ತು. ನಾನು ಮೈಸೂರಿನವಳು, ಅಮ್ಮ ಕಲಿಸಿದ ಚುಕ್ಕಿ ರಂಗೋಲಿ ಬಿಟ್ಟರೆ ಬೇರೆ ಬಾರದು. ಸೋತದ್ದಕ್ಕೆ ನನಗೆ ದುಃಖವಿರಲಿಲ್ಲ. ಆದರೆ ಆ ವರ್ಷ ಹಾಲಿನ ಬೂತಿನ ಹತ್ತಿರ, ನಾಲ್ಕು ಜನರ ಎದುರಿಗೆ ಅವಳು, "ವಹಿನಿ, ತುಮಚಿ ರಾಂಗೋಳಿ ಛಾನ್ ಅಸತೆ. ಪಣ ದರವರ್ಷೀ ತೀಚ" ಎಂದುಬಿಟ್ಟಳು. ಚೆನ್ನಾಗಿರುತ್ತದೆ, ಆದರೆ ಪ್ರತಿ ವರ್ಷ ಅದೇ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಇದು ನಿಜವಾಗಿತ್ತು. ಹಾಲಿನ ಬಾಟಲಿಗಳನ್ನು ಎದೆಗೊತ್ತಿಕೊಂಡು ಹೇಳಿದೆ: "ಇಸ್ ಸಾಲ್ ದೇಖೋ. ಕಿಸೀನೇ ನಹೀ ದೇಖಾ ಐಸಾ ಡಾಲೂಂಗೀ." ಯಾರೂ ನೋಡಿರದಂಥದ್ದು ಹಾಕುತ್ತೇನೆಂದು ಹೇಳಿಯಾಯಿತು. ಮೆಟ್ಟಿಲು ಹತ್ತುವಾಗ ಯೋಚಿಸಿದೆ: ಯಾರೂ ನೋಡಿರದಂಥದ್ದನ್ನು ನಾನೂ ನೋಡಿಲ್ಲವಲ್ಲ.

ಸಂಜೆ ನಮ್ಮವರ ಮುಂದೆ ಗೋಳು ತೋಡಿಕೊಂಡೆ. ಗ್ರಾಂಟ್ ರೋಡಿನ ಹತ್ತಿರ ಒಂದು ಕಂಪನಿಯ ಅಕೌಂಟ್ಸಿನಲ್ಲಿ ಅವರ ಕೆಲಸ. ಮಾತು ಕಡಿಮೆ, ಆಡಿದರೆ ಉಪಯೋಗಕ್ಕೆ ಬರುವುದು ಇನ್ನೂ ಕಡಿಮೆ. ಅವತ್ತು ಮಾತ್ರ ಪೇಪರಿನ ಹಿಂದಿನಿಂದಲೇ, "ನಮ್ಮಾಫೀಸಿನ ಕಾಮತ್ ಕಂಪ್ಯೂಟರಲ್ಲಿ ರಂಗೋಲಿ ಹಾಕಿಸ್ತಿದ್ದ" ಅಂದರು.

"ಏನಂದ್ರಿ?"

"ಏನೋ ಪ್ರೋಗ್ರಾಮ್ ಬರೆದಿದ್ನಂತೆ, ಅವನ ತಂಗಿಗೋಸ್ಕರ. ಎಷ್ಟು ಚುಕ್ಕಿ ಅಂತ ಹೇಳಿದ್ರೆ ಅದೇ ಹೊಸಾ ರಂಗೋಲಿ ಕಟ್ಟುತ್ತೆ. ಆದ್ರೆ ಆ ಮೆಷಿನ್ ಈಗಿಲ್ಲ. ಹೊಸದು ಬಂದಿದೆ. ಇದರಲ್ಲಿ ಅದು ನಡೆಯಲ್ವಂತೆ."

ನಡೆಯುವುದಿಲ್ಲ ಎಂಬ ಮಾತು ನನ್ನ ಕಿವಿಗೆ ಬೀಳಬಾರದು. ಇನ್ನೊಂದು ಕಂಪನಿಯ ಜಾರ್ ಕಂಡಂತಾಗಿ ಕೈ ತುರಿಸತೊಡಗಿತು. ಕಾಮತರಿಗೆ ಕೊಡಿ ಎಂದು ಮರುದಿನದ ಡಬ್ಬಿಯಲ್ಲಿ ಬಿಸಿಬೇಳೆ ಭಾತ್ ಹೆಚ್ಚು ತುಂಬಿದೆ, ಅದರ ಮರುದಿನ ಕೋಡುಬಳೆ. ವಾರದ ಕೊನೆಗೆ ಕಾಮತರಿಂದ ಸುದ್ದಿ ಬಂತು: ಯಾರೋ ಸ್ನೇಹಿತರು ಒಂದು ಫ್ಲಾಪಿ ಕೊಟ್ಟಿದ್ದಾರೆ, ಹಳೆಯ ಪ್ರೋಗ್ರಾಮನ್ನು ಹೊಸ ಮೆಷಿನ್ನಿನಲ್ಲಿ ಓಡಿಸಬಹುದಂತೆ, ಶನಿವಾರ ಅರ್ಧ ದಿನದ ನಂತರ ಅಕ್ಕನನ್ನು ಕರೆದುಕೊಂಡು ಬನ್ನಿ.

ಶನಿವಾರ ನಾನು ರೇಷ್ಮೆ ಸೀರೆ ಉಟ್ಟುಕೊಂಡೆ. "ಕಂಪ್ಯೂಟರ್ ನಿನ್ನ ಸೀರೆ ನೋಡಲ್ಲ ಕಣೇ" ಎಂದರು ನಮ್ಮವರು. ನೋಡಲಿ ಬಿಡಲಿ, ಮೊದಲ ಭೇಟಿ. ದಾದರಿನಲ್ಲಿ ಲೋಕಲ್ ಬದಲಿಸುವಾಗ ಲೇಡೀಸ್ ಡಬ್ಬಿಯ ನೂಕಾಟದಲ್ಲಿ ಅರ್ಧ ನೆರಿಗೆ ಬಿಚ್ಚಿಹೋಗಿ, ಮಿಕ್ಕರ್ಧವನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಗ್ರಾಂಟ್ ರೋಡಿನಲ್ಲಿ ಇಳಿದೆ. ಆಫೀಸಿನ ಕಂಪ್ಯೂಟರ್ ಕೋಣೆಗೆ ಹೋಗಲು ಹೊರಗೆ ಚಪ್ಪಲಿ ಬಿಡಬೇಕು. ಒಳಗೆ ಗರ್ಭಗುಡಿಯ ತಂಪು, ಏಸಿಯ ಗುಂಯ್ ಸದ್ದು. ನಾನು ಗೊತ್ತಿಲ್ಲದೆಯೇ ಕೈ ಮುಗಿದೆ. ಕಾಮತರು ಮಂಗಳೂರಿನವರು, ಮೂವತ್ತು ದಾಟಿದ ತೆಳ್ಳಗಿನ ಮನುಷ್ಯ, ಮಾತಿನಷ್ಟೇ ವೇಗವಾಗಿ ಕಣ್ಣು ಪಿಳುಕಿಸುತ್ತಿದ್ದರು.

"ಬನ್ನಿ ಅಕ್ಕ, ಕೂತ್ಕೊಳ್ಳಿ. ನೋಡಿ, ಹಳೇ ಮೆಷಿನ್ನಿನ ಆಪರೇಟಿಂಗ್ ಸಿಸ್ಟಮ್ಮೇ ಬೇರೆ, ಇದರದ್ದೇ ಬೇರೆ. ಹಳೇದು ಕೊಂಕಣಿ ಮಾತಾಡ್ತಿತ್ತು, ಇದು ಇಂಗ್ಲಿಷ್ ಅಂತ ತಿಳ್ಕೊಳ್ಳಿ. ನನ್ನ ಪ್ರೋಗ್ರಾಮಿಗೆ ಕೊಂಕಣಿ ಬಿಟ್ಟು ಬೇರೆ ಬರೂದಿಲ್ಲ."

"ಹಾಗಾದ್ರೆ?"

"ಹಾಗಾದ್ರೆ ನಡುವಿಗೆ ಒಬ್ಬ ದುಭಾಷಿಯನ್ನು ಕೂರಿಸಿದ್ದೇನೆ. ಫ್ಲಾಪಿಯಲ್ಲಿ ಇರೂದು ಅವನೇ. ಪ್ರೋಗ್ರಾಮ್ ಒಂದೊಂದು ಮಾತು ಹೇಳಿದ ಹಾಗೆ ಅವ ಇದಕ್ಕೆ ತರ್ಜುಮೆ ಮಾಡಿ ಹೇಳ್ತಾನೆ. ಪ್ರೋಗ್ರಾಮಿಗೆ ತಾನು ಹಳೇ ಮನೆಯಲ್ಲೇ ಉಂಟು ಅಂತ ಭ್ರಮೆ. ಸ್ವಲ್ಪ ನಿಧಾನ, ಬೇಜಾರು ಮಾಡ್ಬೇಡಿ."

ನನಗೆ ಬೇಜಾರೆಲ್ಲಿಂದ ಬರಬೇಕು? ನನಗೆ ಅದರ ಮೇಲೆ ಮಮತೆ ಉಕ್ಕಿತು. ಭಾಂಡುಪಿನ ತರಕಾರಿ ಮಾರ್ಕೆಟ್ಟಿನಲ್ಲಿ ನನ್ನ ಪಾಡೂ ಇದೇ. ಮನಸ್ಸಿನಲ್ಲಿ ಕನ್ನಡ, ಅದನ್ನು ಹಿಂದಿಗೆ ತಂದು, ಹಿಂದಿಯಿಂದ ಮರಾಠಿಗೆ ದೂಡುವಷ್ಟರಲ್ಲಿ ಬೆಂಡೆಕಾಯಿ ಬೇರೆಯವರ ಚೀಲ ಸೇರಿರುತ್ತಿತ್ತು.

ಕಾಮತರು ಏನೇನೋ ಒತ್ತಿದರು. ಕಪ್ಪು ಪರದೆಯ ಮೇಲೆ ಹಸಿರು ಅಕ್ಷರಗಳು ಮೂಡಿದವು. ಎಷ್ಟು ಚುಕ್ಕಿ ಎಂದು ಅದು ಕೇಳಿತು. ನಾನು ಹೇಳಿದೆ, ಅವರು ಒತ್ತಿದರು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಒಂದು ಚುಕ್ಕಿ ಬಿತ್ತು. ತಡೆದು, ಯೋಚಿಸಿ, ಇನ್ನೊಂದು. ನಾನು ಕುರ್ಚಿಯ ತುದಿಗೆ ಬಂದಿದ್ದೆ. ಎದ್ದು ಕುಣಿಯದಿದ್ದದ್ದು ಮುಷ್ಟಿಯಲ್ಲಿದ್ದ ನೆರಿಗೆಯ ದೆಸೆಯಿಂದ. ಅದು ನನ್ನ ಅಮ್ಮ ಚುಕ್ಕಿ ಇಡುತ್ತಿದ್ದಷ್ಟೇ ನಿಧಾನವಾಗಿ, ಅವಳಷ್ಟೇ ಗಂಭೀರವಾಗಿ ಇಡುತ್ತಿತ್ತು. ಅಷ್ಟರಲ್ಲಿ ಹೊರಗಿನಿಂದ ಯಾರೋ ಕೂಗಿದರು. ಪ್ರಿಂಟರಿನಲ್ಲಿ ಎಲ್ಲರ ಪಗಾರದ ಚೀಟಿ ಅಚ್ಚಾಗುತ್ತಿದ್ದದ್ದು ಕಾಗದ ಸಿಕ್ಕಿ ನಿಂತಿತ್ತಂತೆ. ಕಾಮತರು ಎದ್ದರು. "ಪ್ರಿಂಟ್ ತೆಗೆಯೂದು ಇವತ್ತು ಆಗೂದಿಲ್ಲ ಅಕ್ಕ. ಪೆನ್ಸಿಲ್ ಉಂಟಲ್ಲ, ಬಂದದ್ದು ಬಂದ ಹಾಗೆ ಬರ್ಕೊಳ್ಳಿ. ಏನನ್ನೂ ಮುಟ್ಟಬೇಡಿ" ಎಂದು ಓಡಿದರು. ನಮ್ಮವರು ಏಸಿಯ ತಂಪಿಗೆ ಪಕ್ಕದ ಕುರ್ಚಿಯಲ್ಲಿ ಆಗಲೇ ನಿದ್ದೆ ಹೋಗಿದ್ದರು.

ಬಂದದ್ದನ್ನು ಬಂದ ಹಾಗೆ ಬರೆದುಕೊಂಡೆ. ಚುಕ್ಕಿ, ಗೆರೆ, ಓರೆಗೆರೆ. ಸಾಲು ಬದಲಾಗುವ ಕಡೆಯಲ್ಲೆಲ್ಲ ಒಂದು ಪುಟಾಣಿ ನಗುಮುಖ, ಅದರ ಪಕ್ಕಕ್ಕೆ ಒಂದು ಹೃದಯ, ಒಂದು ಬಾಣ. ನೋಡಿ ನನಗೆ ಮೈ ಜುಮ್ಮೆಂದಿತು. ನಮ್ಮಮ್ಮ ರಂಗೋಲಿಯ ಅಂಚಿಗೆ ಶಂಖ ಬರೆಯುತ್ತಿದ್ದಳು, ಪಾದ ಬರೆಯುತ್ತಿದ್ದಳು; ನಗುಮುಖ ಬರೆದದ್ದು ಕಾಣೆ. ಕಂಪ್ಯೂಟರಿಗೆ ಎಂಥ ಕಲ್ಪನೆ, ಈ ಕಾಮತರು ಎಂಥ ರಸಿಕರು ಎಂದುಕೊಂಡು ಒಂದು ಬಾಣವನ್ನೂ ಬಿಡದೆ ಇಳಿಸಿಕೊಂಡೆ. ಅವರು ತಿರುಗಿ ಬರುವಷ್ಟರಲ್ಲಿ ಆಫೀಸು ಮುಚ್ಚುವ ಹೊತ್ತು. ಪರದೆಯತ್ತ ತಿರುಗಿಯೂ ನೋಡದೆ ಮೆಷಿನ್ ಆರಿಸಿದರು; ಚಪ್ಪಲಿ ಹಾಕಿಕೊಂಡು, ಮೂವರೂ ಹೋಟೆಲಿಗೆ ಹೋಗಿ ಮಸಾಲೆ ದೋಸೆ ತಿಂದು ಬಂದೆವು.

ಸ್ಪರ್ಧೆಯ ದಿನ ಬಿಲ್ಡಿಂಗಿನ ಕೆಳಗಿನ ಪ್ಯಾಸೇಜಿನಲ್ಲಿ ಎಲ್ಲರಿಗೂ ಒಂದೊಂದು ಚೌಕ. ಸುಲಭಾತಾಯಿ ಮಾಮೂಲಿನಂತೆ ನವಿಲು, ಈ ಸಲ ಜೋಡಿ. ನಾನು ಕಾಗದವನ್ನು ಮೊಣಕಾಲಡಿಗೆ ಸಿಕ್ಕಿಸಿಕೊಂಡು ಚುಕ್ಕಿಯಿಟ್ಟು, ಗೆರೆ ಎಳೆದು, ಸಾಲಿನ ತಲೆಯಲ್ಲೆಲ್ಲ ನಗುಮುಖ ಕೂರಿಸಿದೆ. ಹೃದಯಕ್ಕೆ ಕುಂಕುಮ ತುಂಬಿದೆ. ಮುಗಿಸಿ ಎದ್ದು ನೋಡಿದೆ. ಸುಲಭಾತಾಯಿ ಹೇಳಿದಂತೆ 'ಅದೇ' ಅಂತೂ ಅಲ್ಲ, ಆದರೆ ಏನು ಎಂದು ನನಗೂ ತಿಳಿಯಲಿಲ್ಲ.

ತೀರ್ಪುಗಾರ್ತಿ ದೇಶಪಾಂಡೆ ಬಾಯಿ ಶಾಲೆಯೊಂದರ ಡ್ರಾಯಿಂಗ್ ಟೀಚರ್. ನವಿಲುಗಳನ್ನು ದಾಟಿ ಬಂದು ನನ್ನ ಚೌಕದ ಮುಂದೆ ನಿಂತರು. ಕನ್ನಡಕ ಮೇಲೆತ್ತಿ, "ಹೇ ಚೆಹರೇ ಕಸಲೇ?" ಎಂದು ಮುಖಗಳನ್ನು ತೋರಿಸಿದರು. ಎಲ್ಲರೂ ನನ್ನ ಕಡೆ ನೋಡಿದರು. ಹಾಲಿನ ಬೂತಿನಲ್ಲಿ ಕೊಚ್ಚಿಕೊಂಡದ್ದೆಲ್ಲ ಆ ಒಂದು ಉತ್ತರದ ಮೇಲೆ ನಿಂತಿತ್ತು.

"ಭಕ್ತ್ ಲೋಗ್" ಎಂದೆ, ಗಣಪತಿಯನ್ನು ಕಂಡು ನಗುತ್ತಿರುವ ಭಕ್ತರೆಂದು. "ಬಪ್ಪಾ ಕೋ ದೇಖ್‌ಕೇ ಹಸ್ ರಹೇ ಹೈ."

"ಆಣಿ ಹೇ ಬಾಣ?"

"ಲೈನ್ ಹೈ ನಾ. ಇಧರ್ ಸೇ ಆನೇ ಕಾ, ದರ್ಶನ್ ಲೇನೇ ಕಾ, ಉಧರ್ ಸೇ ಜಾನೇ ಕಾ." ಬಾಣಗಳು ದರ್ಶನದ ಸಾಲಿಗೆ ಬರುವ, ಹೋಗುವ ದಾರಿಗಳಾದವು. ಹೃದಯವನ್ನು ತೋರಿಸಿ, ಅವರು ಕೇಳುವ ಮೊದಲೇ, "ಭಕ್ತಿ" ಎಂದೆ.

ದೇಶಪಾಂಡೆ ಬಾಯಿಯ ಮುಖ ಅರಳಿತು. ಸುತ್ತ ನಿಂತವರ ಕಡೆ ತಿರುಗಿ, "ಬಘಾ, ಯಾಲಾ ಮ್ಹಣತಾತ್ ಕಾನ್ಸೆಪ್ಟ್" ಎಂದರು. ನೋಡಿ, ಇದಕ್ಕೆ ಕಾನ್ಸೆಪ್ಟ್ ಎನ್ನುತ್ತಾರೆ ಎಂದು. ಮೊದಲ ಬಹುಮಾನ ನನಗೆ. ಸ್ಟೀಲಿನ ಕೊಳಗ. ನಾನು ಅದನ್ನು ತಲೆಯ ಮೇಲೆ ಹೊತ್ತು ಕುಣಿಯುವುದೊಂದು ಬಾಕಿ.

ಸರಿಯಾಗಿ ಆಗಲೇ ದರ್ಶನಕ್ಕೆಂದು ಕಾಮತರು ಬಂದರು. ಪ್ರಸಾದ ಬಾಯಿಗೆ ಹಾಕಿಕೊಂಡು ರಂಗೋಲಿಯತ್ತ ಬಗ್ಗಿದವರು ಬಗ್ಗಿದ ಹಾಗೇ ಉಳಿದರು.

"ಎಂತದು ಅಕ್ಕ ಇದು? ಇದು ಕಸ ಅಲ್ವಾ? ಪರದೆ ಒರೆಸು, ಮುಂದಿನ ಸಾಲಿಗೆ ಹೋಗು ಅಂತ ನನ್ನ ಪ್ರೋಗ್ರಾಮ್ ಹಳೇ ಮೆಷಿನ್ನಿಗೆ ಹೇಳೂ ಗುಟ್ಟಿನ ಮಾತು ಇವು. ದುಭಾಷಿಗೆ ತರ್ಜುಮೆ ಮಾಡಲಿಕ್ಕೆ ಬರಲಿಲ್ಲ, ಇದ್ದ ಹಾಗೇ ದಾಟಿಸಿಬಿಟ್ಟಿದ್ದಾನೆ. ಹೊಸ ಮೆಷಿನ್ನಿಗೂ ತಲೆಬುಡ ಗೊತ್ತಾಗದೆ ಮುಖ, ಬಾಣ ಎಲ್ಲ ಮಾಡಿ ತೋರಿಸಿದೆ. ನೀವು ಅದನ್ನೂ ಹಾಕಿದ್ರಾ ಮಾರಾಯ್ರೇ?"

ಪುಣ್ಯಕ್ಕೆ ಸುತ್ತ ಇದ್ದವರಲ್ಲಿ ಕನ್ನಡ ಬಲ್ಲವರು ನಮ್ಮವರೊಬ್ಬರೇ. ಸುಲಭಾತಾಯಿ ಮಾತ್ರ ಕಣ್ಣು ಕಿರಿದು ಮಾಡಿ, "ಕಾಯ ಮ್ಹಣತಾತ್ ತೇ?" ಎಂದಳು. ಏನು ಹೇಳುತ್ತಿದ್ದಾರೆ ಅವರು?

"ಬಹುತ್ ಮುಶ್ಕಿಲ್ ಡಿಸೈನ್ ಹೈ ಬೋಲ್ತೇ ಹೈ" ಎಂದೆ. "ಹರ್ ಕಿಸೀ ಕೋ ಸಮಝ್ ಮೇ ನಹೀ ಆತಾ."

ಬಹಳ ಕಷ್ಟದ ಡಿಸೈನಂತೆ, ಎಲ್ಲರಿಗೂ ಅರ್ಥವಾಗುವುದಿಲ್ಲವಂತೆ. ತರ್ಜುಮೆ ಅಷ್ಟೇನೂ ತಪ್ಪಲ್ಲ. ಕಾಮತರಿಗೆ ಇನ್ನೊಂದು ಮೋದಕ ಕೊಟ್ಟೆ, ಬಾಯಿ ತುಂಬಾ ಇರಲಿ ಎಂದು. ಮರುದಿನವೇ ಸುಲಭಾತಾಯಿ ನಮ್ಮ ಮನೆಗೆ ಬಂದಳು, ಕೈಯಲ್ಲಿ ಪುರಣಪೋಳಿ. ಭಕ್ತರ ಮುಖ ಬರೆಯುವುದನ್ನು ಕಲಿಸಬೇಕಂತೆ. ಖುಷಿಯಲ್ಲಿ ನನಗೆ ಹಿಂದುಮುಂದು ತಿಳಿಯಲಿಲ್ಲ. ಬಾಣ ಎಲ್ಲಿಂದ ಶುರು, ಹೃದಯ ಎಷ್ಟು ದಪ್ಪ, ಎಲ್ಲವನ್ನೂ ಶಾಸ್ತ್ರವೆಂಬಂತೆ ಹೇಳಿಕೊಟ್ಟೆ.

ಮುಂದಿನ ವರ್ಷ ಗಣಪತಿಗೆ ಮೊದಲು ಕಾಮತರು ತಾವಾಗಿ ಪ್ರಿಂಟು ತೆಗೆದು ಕಳಿಸಿದರು. ಅವಮಾನವಾಗಿತ್ತೇನೋ, ಪಾಪ, ಕೂತು ಎಲ್ಲ ಸರಿಮಾಡಿದ್ದರು. ಚುಕ್ಕಿ ಚುಕ್ಕಿಯ ಜಾಗದಲ್ಲಿ, ಗೆರೆ ಗೆರೆಯ ಜಾಗದಲ್ಲಿ, ಮುಖವಿಲ್ಲ, ಬಾಣವಿಲ್ಲ. ನಮ್ಮಮ್ಮ ಹಾಕುತ್ತಿದ್ದ ಹಾಗೇ ಇತ್ತು. ನೋಡಿ ನನ್ನ ಮುಖ ಸಪ್ಪಗಾಯಿತು. ನಮ್ಮವರ ಆಫೀಸಿಗೆ ಫೋನ್ ಮಾಡಿ ಕಾಮತರನ್ನು ಕರೆಸಿ ಕೇಳಿದೆ, "ಆ ಕಸವನ್ನ ವಾಪಸ್ ಹಾಕಕ್ಕಾಗಲ್ವಾ?"

"ಅದನ್ನು ತೆಗೀಲಿಕ್ಕೆ ನಾನು ಎರಡು ಭಾನುವಾರ ಮನೆಗೆ ಹೋಗ್ಲಿಲ್ಲ ಅಕ್ಕ" ಎಂದರು.

ಇನ್ನೇನು ಮಾಡುವುದು, ಕಸವನ್ನು ನಾನೇ ಕೈಯಾರೆ ತುಂಬಿಸಿದೆ. ಕೂತು ಯೋಚಿಸಿ, ಎಲ್ಲಿ ಮುಖವಿದ್ದರೆ ಚೆನ್ನ, ಎಲ್ಲಿ ಹೃದಯವಿದ್ದರೆ ಚೆನ್ನ ಎಂದು ಅಳೆದು ಸುರಿದು ಹಾಕಿದೆ. ಆ ಸಲ ಮೊದಲ ಬಹುಮಾನ ಸುಲಭಾತಾಯಿಗೆ; ಅವಳ ನವಿಲುಗಳು ನಾನು ಕಲಿಸಿದಂತೆಯೇ ನಗುತ್ತಿದ್ದವು. ದೇಶಪಾಂಡೆ ಬಾಯಿ ನನ್ನ ಚೌಕದ ಮುಂದೆ ಬಹಳ ಹೊತ್ತು ನಿಂತು, ಬೆನ್ನು ಸವರಿ, ನನಗೆ ಅರ್ಥವಾಗಲೆಂದು ಹಿಂದಿಯಲ್ಲೇ ಹೇಳಿದರು: ಚೆನ್ನಾಗಿದೆ, ಆದರೆ ಹೋದ ವರ್ಷದ್ದು ಸಹಜವಾಗಿತ್ತು, ನಿಮ್ಮ ಒಳಗಿನಿಂದ ಬಂದಿತ್ತು.