ತನ್ನ ಹೆಸರನ್ನೇ ಕದ್ದವಳ ವಕೀಲ

ನಮ್ಮ ಸೋದರಮಾವನ ಎದುರು ಯಾರ ಮೇಲೂ ದೂರು ಹೇಳಬಾರದು. ಸೊಳ್ಳೆ ಕಚ್ಚಿತು ಎಂದರೂ ಸಾಕು, ಸೊಳ್ಳೆಯ ಪರವಾಗಿ ವಕಾಲತ್ತು ಹಾಕಿಬಿಡುತ್ತಾನೆ. ಚಿಕ್ಕೋಡಿ ಕೋರ್ಟಿನ ವಕೀಲ ಮನೆಗೆ ಬಂದ ಮೇಲಾದರೂ ಕರಿಕೋಟು ಕಳಚಬೇಡವೇ? ಕೋಟೇನೋ ಕಳಚುತ್ತಾನೆ, ವಾದ ಕಳಚುವುದಿಲ್ಲ.

ಒಮ್ಮೆ ಬೆಕ್ಕು ಹಾಲು ಕುಡಿಯಿತೆಂದು ಅತ್ತೆ ಕೋಲು ಹಿಡಿದಳು. ಮಾವ ಅಡ್ಡ ನಿಂತ.

"ಪಾತೇಲಿ ಮುಚ್ಚಳ ಯಾರ ತಗದಿಟ್ಟಿದ್ರು? ಬೆಕ್ಕಿಗೆ ಮುಚ್ಚಳ ತಗ್ಯಾಕ ಬರತೈತೇನು?"

"ಬರಾಂಗಿಲ್ಲ ಬಿಡ್ರಿ. ಚಾಕ್ಕ ಹಾಲಿಲ್ಲ, ನಿಮ್ಮ ಕಕ್ಷಿದಾರಗ ಕೇಳಿ ತಗೊಂಬರ್ರಿ."

ಅಂದು ಮಾವ ಕರಿ ಚಹಾ ಕುಡಿದ.

ಇಂಥವನ ಕೈಗೆ ಕಂಪ್ಯೂಟರ್ ಅಪರಾಧದ ಕೇಸುಗಳು ಬರತೊಡಗಿದವು. ಕಾಯ್ದೆ ಬಾಯಿಪಾಠ, ಮೊಬೈಲು ಮಾತ್ರ ಬಗ್ಗುತ್ತಿರಲಿಲ್ಲ. ಪಾಸ್‌ವರ್ಡಿನ ಮರ್ಮ ತಿಳಿಯಲೆಂದು ತನ್ನ ಮೊಬೈಲಿಗೇ ಒಂದು ಹಾಕಿ, ಮರೆತುಬಿಟ್ಟ. ನಾನು ನಕ್ಕರೆ, "ನೋಡ್ಲೇ, ಮಾಲಕಗ ಒಳಗ ಬಿಡದ ಬಾಗಲಾ ಇದು. ಆರೋಪಿ ಹೆಂಗ ಹೊಕ್ಕಾನಂತ ಪೊಲೀಸರು ತೋರಿಸ್ಲಿ" ಎಂದ!

ಆಗ ಬಂದವಳು ಹಾರೂಗೇರಿಯ ಹುಡುಗಿ. ಬಟ್ಟೆ ಹೊಲಿಯುತ್ತಿದ್ದಳು. ನಿಶ್ಚಯವಾಗಿದ್ದ ಮದುವೆ ಮುರಿದಿತ್ತು. ತನ್ನ ಫೋಟೋಗಳನ್ನು ಅಳಿಸೆಂದು ಆ ಹುಡುಗನನ್ನು ಎಷ್ಟು ಬೇಡಿದರೂ ಅವನು ಕೇಳಲಿಲ್ಲ. ಕೊನೆಗೆ ತಾನೇ, ಅವು ಇದ್ದ ಅವನ ಇಂಟರ್ನೆಟ್ ಖಾತೆಯೊಳಗೆ ಹೊಕ್ಕು ಅಳಿಸಿದಳು. ಅವನು ದೂರು ಕೊಟ್ಟ.

"ನೀ ಏನೂ ಒಪ್ಕೋಬ್ಯಾಡವಾ" ಎಂದ ಮಾವ.

"ನಾನ ಅಳಿಸೇನ್ರಿ. ಸುಳ್ಳ ಹೇಳಾಂಗಿಲ್ರಿ."

ಮಾವ ತಲೆ ಕೆರೆದುಕೊಂಡ. ಬೆಕ್ಕು ಇಷ್ಟು ತೊಂದರೆ ಕೊಟ್ಟಿರಲಿಲ್ಲ.

ಅವಳ ಜೊತೆ ತಂದೆ ಬರುತ್ತಿದ್ದರು. ಬೆಂಚಿನ ಆ ತುದಿಗೆ ಅವರು, ಈ ತುದಿಗೆ ಅವಳು. ಪೊಲೀಸರು ಮನೆಗೆ ಬಂದ ದಿನದಿಂದ ಅವರು ಮಗಳ ಜೊತೆ ಮಾತು ಬಿಟ್ಟಿದ್ದರು.

ಕೋರ್ಟಿನಲ್ಲಿ ಮಾವ ಹುಡುಗನನ್ನು ಕೇಳಿದ, "ನಿಮ್ಮ ಪಾಸ್‌ವರ್ಡ್ ಏನಿತ್ರಿ?"

ಅವನು ಗೊಣಗಿದ.

"ಜೋರ ಹೇಳ್ರಿ."

ಹುಡುಗಿಯ ಹೆಸರೇ! ನಿಶ್ಚಯವಾದ ಹುರುಪಿನಲ್ಲಿ ಇಟ್ಟು, ಅವಳಿಗೂ ಹೇಳಿದ್ದ. ಮದುವೆ ಮುರಿದರೂ ಬದಲಿಸಿರಲಿಲ್ಲ.

"ಸಾಹೇಬ್ರ, ತನ್ನ ಹೆಸರ ತಾ ಬರದರ ಅಪರಾಧ ಹೆಂಗಾಗತೈತ್ರಿ?"

ನ್ಯಾಯಾಧೀಶರು ನಗು ತಡೆದುಕೊಂಡರು. "ವಕೀಲರೇ, ಬಾಗಿಲ ಮೇಲೆ ಯಾರ ಹೆಸರಿದ್ದರೇನು? ಮನೆ ಅವನದಲ್ಲವೇ?"

"ಹೌದ್ರಿ. ಹಂಗಾರ ಆ ಮನ್ಯಾಗಿಂದ ಏನ ಹೋಗೇತಿ, ಅವರ ಹೇಳ್ಲಿ."

"ಫೋಟೋ" ಎಂದ ಹುಡುಗ.

"ಯಾರವು?"

ಹುಡುಗ ಹಿಂತಿರುಗಿ ನೋಡಿದ. ಹಿಂದೆ ಕುಳಿತಿದ್ದ ಅವನ ತಾಯಿಯೇ ಎದ್ದು ನಿಂತರು. "ಲೇ, ಮದುವಿ ಮುರದ ಮ್ಯಾಲ ಆಕಿ ಫೋಟೋ ನಿನಗ್ಯಾಕಲೇ?"

ನ್ಯಾಯಾಧೀಶರು ಅವರನ್ನು ಗದರಿಸಿ ಕೂರಿಸಿದರು. ಆದರೆ ಆ ಪ್ರಶ್ನೆ ಮನೆಯವರೆಗೂ ಮಗನ ಬೆನ್ನು ಹತ್ತಿರಬೇಕು. ಮುಂದಿನ ತಾರೀಖಿಗೆ ಅವನೇ ರಾಜಿಗೆ ಬಂದ. ಕೋರ್ಟಿನ ಒಪ್ಪಿಗೆಯಿಂದ ಕೇಸು ಮುಗಿಯಿತು.

ತಂದೆ-ಮಗಳನ್ನು ಬಸ್ ಹತ್ತಿಸಲು ಮಾವ ಮತ್ತು ನಾನು ಸ್ಟ್ಯಾಂಡಿಗೆ ಹೋದೆವು. ತಂದೆ ಮೊದಲೇ ಹತ್ತಿ ಕುಳಿತಿದ್ದರು. ಹುಡುಗಿ ಮೆಟ್ಟಿಲ ಬಳಿ ನಿಂತಳು. "ಅಪ್ಪಗ ಒಂದ ಮಾತ ಹೇಳ್ರಿ ಸಾಹೇಬ್ರ" ಎಂದಳು.

ಜಗತ್ತಿನ ಎಲ್ಲರ ಪರವಾಗಿ ವಾದಿಸುವ ನಮ್ಮ ಮಾವ ಬಾಯಿ ತೆರೆದ, ಮಾತು ಹೊರಡಲಿಲ್ಲ. ಅವಳ ತಲೆಯ ಮೇಲೆ ಕೈಯಿಟ್ಟ, ಅಷ್ಟೇ.

ಅವಳು ಒಳಗೆ ಹೋದಳು. ಬಸ್ ತುಂಬಿತ್ತು. ತಂದೆಯ ಪಕ್ಕದ ಸೀಟಿನ ಮೇಲೆ ಅವರ ಟವೆಲ್ ಹಾಸಿತ್ತು. ಯಾರೋ ಕೂರಲು ಬಂದರೆ, "ನನ್ನ ಮಗಳ ಬರಾಕತ್ತಾಳ್ರಿ" ಎಂದು ಅವರು ಟವೆಲ್ ಎತ್ತಿ ಹೆಗಲಿಗೆ ಹಾಕಿಕೊಂಡು, ಕಿಟಕಿಯ ಕಡೆ ಸರಿದು ಕುಳಿತರು.